90 ಗಂಟೆ, 64 ಬಾವಿ

ನಮ್ಮದು 2021ರಲ್ಲಿ ಪದವಿಗೆ ಸೇರಿದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚ್. ಆರನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಇತ್ತು, 90 ಗಂಟೆ ಕೆಲಸಕ್ಕೆ 2 ಕ್ರೆಡಿಟ್. ಓದುತ್ತಿರುವ ವಿಷಯಕ್ಕೆ ಸಂಬಂಧಪಟ್ಟ ಕೆಲಸವೇ ಆಗಬೇಕಿತ್ತು, ಕೊನೆಗೆ ವರದಿ ಒಪ್ಪಿಸಬೇಕಿತ್ತು. ಪಠ್ಯಕ್ರಮದಲ್ಲಿ ಇದು ನಾಲ್ಕೇ ಸಾಲು. ಆ ನಾಲ್ಕು ಸಾಲಿಗಾಗಿ ನಾನು 2024ರ ಜನವರಿಯಿಂದ ಮೇ ತಿಂಗಳವರೆಗೆ ಮಂಗಳೂರು ಉಡುಪಿ ನಡುವೆ ಬಸ್ಸಿನಲ್ಲಿ ಓಡಾಡಿದೆ. ನಮ್ಮ ಕಡೆ ಪದವಿಯಲ್ಲಿ ಭೂಗೋಳಶಾಸ್ತ್ರ ತೆಗೆದುಕೊಳ್ಳುವವರು ಕಡಿಮೆ, ಅವರಿಗೆ ಇಂಥ ವಿಷಯದಲ್ಲಿ ದಾರಿ ಹೇಳುವವರು ಇನ್ನೂ ಕಡಿಮೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಬಿಕಾಂನ ಗೆಳತಿಯರಿಗೆ ಆಡಿಟರ್ ಆಫೀಸುಗಳಿದ್ದವು, ಬಿಸಿಎಯವರಿಗೆ ಸಾಫ್ಟ್‌ವೇರ್ ಕಂಪನಿಗಳಿದ್ದವು. ನಮ್ಮ ವಿಭಾಗದ ಒಂಬತ್ತು ಮಂದಿಗೆ ಯಾರ ಬಾಗಿಲು ತಟ್ಟಬೇಕೆಂದೇ ಗೊತ್ತಿರಲಿಲ್ಲ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ವಿನಂತಿ ಪತ್ರ ಮಾಡಿಸಿ, ಬಯೋಡೇಟಾ ಸೇರಿಸಿ, ಮಂಗಳೂರಿನಲ್ಲೇ ಆರು ಕಡೆ ಹೋದೆ. ಒಂದು ಸರ್ವೆ ಕಂಪನಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು. ಒಂದು ಕಚೇರಿಯಲ್ಲಿ ಪತ್ರವನ್ನು ಟಪಾಲಿಗೆ ಕೊಟ್ಟು, ನನ್ನ ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೆ. ಎರಡು ವಾರ ಬಿಟ್ಟು ವಿಚಾರಿಸಿದರೆ ಅದು ಯಾರ ಮೇಜಿನಲ್ಲಿದೆ ಎಂದು ಹೇಳುವವರೇ ಇರಲಿಲ್ಲ. ಮತ್ತೊಂದು ಕಡೆ ಮಾತು ಬಹಳ ಸರಳವಾಗಿತ್ತು: "ನೀವು ಬರುವುದೆಲ್ಲ ಬೇಡ. ಮೂರು ಸಾವಿರ ಕಟ್ಟಿ, 90 ಗಂಟೆಯ ಸರ್ಟಿಫಿಕೇಟ್ ಸಂಜೆಗೇ ಸಿಗ್ತದೆ."

ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದೆ. ಫೆಬ್ರವರಿ ಬಂದಾಗಿತ್ತು. ಹಾಗೆ ದುಡ್ಡು ಕೊಟ್ಟು ತಂದವರು ಬೇರೆ ವಿಭಾಗಗಳಲ್ಲಿ ಇದ್ದರು, ಅವರ ಅಂಕಪಟ್ಟಿಗೂ ನನ್ನದಕ್ಕೂ ನಾಳೆ ಏನೂ ವ್ಯತ್ಯಾಸ ಇರುವುದಿಲ್ಲ. ಆದರೂ ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಮೂರು ವರ್ಷ ನಕ್ಷೆ ಓದಿದ್ದೇನೆ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆ ಎಳೆದಿದ್ದೇನೆ, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಕಲಿತಿದ್ದೇನೆ. ಇಡೀ ಪದವಿಯಲ್ಲಿ ಈ ವಿದ್ಯೆಯನ್ನು ತರಗತಿಯ ಹೊರಗೆ ಇಟ್ಟು ನೋಡುವ ಒಂದೇ ಒಂದು ಅವಕಾಶ ಇದು. ಅದನ್ನು ಮಾರಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ನಮ್ಮ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ನನ್ನ ವಿನಂತಿ ಪತ್ರವನ್ನು ಇನ್ನೊಮ್ಮೆ ಓದಿ, "ಇದರಲ್ಲಿ ನಿನಗೆ ಎಂತ ಬೇಕು ಅಂತ ಮಾತ್ರ ಉಂಟು. ಅವರಿಗೆ ಎಂತ ಸಿಗ್ತದೆ ಅಂತ ಇಲ್ಲ. ಒಂದು ನಕ್ಷೆ ಇಲ್ಲದೆ ಯಾರಿಗೆ ಕಷ್ಟ ಆಗ್ತಾ ಉಂಟು ಅಂತ ಮೊದಲು ಹುಡುಕು, ಮತ್ತೆ ಪತ್ರ ಬರೆಯುವ" ಎಂದರು.

ಅದು ಸಿಕ್ಕಿದ್ದು ದೊಡ್ಡಮ್ಮನ ಮನೆಯ ಜಗಲಿಯಲ್ಲಿ. ಅವರ ಮನೆ ಇರುವುದು ರಾಷ್ಟ್ರೀಯ ಹೆದ್ದಾರಿ 66 ಸ್ವರ್ಣಾ ನದಿಯನ್ನು ದಾಟುವ ಕಲ್ಯಾಣಪುರ ಸೇತುವೆಯಿಂದ ಪಶ್ಚಿಮಕ್ಕೆ, ಹೊಳೆಯ ದಂಡೆಯಲ್ಲಿ. ಆ ಭಾನುವಾರ ಅವರು ಚಹಾಕ್ಕೆ ಇಟ್ಟ ಹಾಲು ಪಾತ್ರೆಯಲ್ಲೇ ಒಡೆಯಿತು. ಗೊತ್ತಿಲ್ಲದೆ ನಾನು ಅವರ ಬಾವಿಯ ನೀರನ್ನೇ ಹಾಕಿದ್ದೆ. "ಶಿವರಾತ್ರಿ ಹತ್ತಿರ ಬಂತಲ್ಲ ಮಗಾ, ಇನ್ನು ಮಳೆ ಹಿಡಿಯುವವರೆಗೆ ಈ ಬಾವಿ ತೊಳೆಯಲಿಕ್ಕೆ, ಮೀಯಲಿಕ್ಕೆ ಮಾತ್ರ. ಚಹಾಕ್ಕೆ, ಅನ್ನಕ್ಕೆ ಆಚೆ ಮನೆಯಿಂದ ತರಬೇಕು" ಎಂದರು ದೊಡ್ಡಮ್ಮ. ಆಚೆ ಮನೆಯ ಬಾವಿ ನಲವತ್ತು ಹೆಜ್ಜೆ ದೂರ. ಅದರ ನೀರು ಸಿಹಿ.

ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿ ಬೆಂಗ್ರೆಯ ಹತ್ತಿರ ಒಟ್ಟಿಗೆ ಸಮುದ್ರ ಸೇರುತ್ತವೆ. ಮಳೆಗಾಲದಲ್ಲಿ ಹೊಳೆ ಸಮುದ್ರವನ್ನು ದೂಡುತ್ತದೆ, ಬೇಸಿಗೆಯಲ್ಲಿ ಸಮುದ್ರ ಹೊಳೆಯನ್ನು ದೂಡುತ್ತದೆ. ಉಬ್ಬರದ ಜೊತೆ ಉಪ್ಪುನೀರು ಹೊಳೆಯಲ್ಲಿ, ಹೊಳೆಯಿಂದ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಮೇಲೇರುತ್ತದೆ. ಅದನ್ನು ತಡೆಯಲೆಂದೇ ತೋಡುಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿ, ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ. ಇವಿಷ್ಟೂ ನನಗೆ ಗೊತ್ತಿತ್ತು. ಉಪ್ಪುನೀರಿನ ಮೇಲೆ ಸಿಹಿನೀರು ತೇಲುತ್ತದೆ, ಅಂತರ್ಜಲ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ, ಮೇಲಿಂದ ಹೆಚ್ಚು ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ ಎಂಬ ಲೆಕ್ಕವನ್ನು ಪರೀಕ್ಷೆಗೆ ಬರೆದು ಅಂಕವನ್ನೂ ಪಡೆದಿದ್ದೆ. ದೊಡ್ಡಮ್ಮನ ಬಾವಿಗೆ ಪಂಪು ಇಳಿಸಿದ್ದಾರೆ. ಆಚೆ ಮನೆಯ ಬಾವಿಯಲ್ಲಿ ಈಗಲೂ ರಾಟೆ, ಹಗ್ಗ, ಕೊಡಪಾನ. ಎರಡೂ ಬಾವಿಯ ಕಟ್ಟೆಗೆ ಕೈಯಿಟ್ಟು ನಿಂತಾಗ ಆ ಲೆಕ್ಕ ಪುಸ್ತಕದಿಂದ ಇಳಿದು ಕಾಲ ಬುಡಕ್ಕೆ ಬಂದ ಹಾಗಾಯಿತು. ವ್ಯತ್ಯಾಸಕ್ಕೆ ಕಾರಣ ಪಂಪೇ ಎಂದು ಎರಡು ಬಾವಿ ನೋಡಿ ಹೇಳಲಾಗದು. ಎಷ್ಟು ಬಾವಿ, ಎಲ್ಲೆಲ್ಲಿ, ತೋಡಿನಿಂದ ಎಷ್ಟು ದೂರ ಎಂದು ಯಾರಾದರೂ ಗುರುತಿಸಿದ್ದಾರಾ ಎಂದು ಕೇಳಿದೆ. ಇಲ್ಲ.

ಪಂಚಾಯತಿಗೆ ಬರಿಗೈಯಲ್ಲಿ ಹೋಗಬಾರದು ಎಂದು ಅಷ್ಟರಲ್ಲಿ ಕಲಿತಿದ್ದೆ. ಸರ್ವೆ ಇಲಾಖೆಯ ಗ್ರಾಮ ನಕ್ಷೆಯನ್ನು ಡೌನ್‌ಲೋಡ್ ಮಾಡಿ, ಕ್ಯೂಜಿಐಎಸ್‌ನಲ್ಲಿ ಕೂರಿಸಿ, ಸೆಂಟಿನೆಲ್-2 ಉಪಗ್ರಹದ ಚಿತ್ರ ಅಡಿಗೆ ಹಾಕಿದೆ. ಅದರಲ್ಲಿ 10 ಮೀಟರಿಗಿಂತ ಚಿಕ್ಕದು ಕಾಣುವುದಿಲ್ಲ, ಹೊಳೆ ಕಂಡರೂ ತೋಡು ತೆಂಗಿನ ತೋಟದಡಿ ಮರೆಯಾಗುತ್ತದೆ. ಆದ್ದರಿಂದ ತೋಡುಗಳನ್ನು ಗ್ರಾಮ ನಕ್ಷೆಯಿಂದಲೇ ಎಳೆದೆ. ನಿಂತ ಜಾಗದ ಸರ್ವೆ ನಂಬ್ರ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ನಾಲ್ಕೈದು ಕಡೆ ನಿಂತು ಸರ್ವೆ ನಂಬ್ರ ತಾಳೆ ನೋಡಿದೆ. ಎ3 ಹಾಳೆಯಲ್ಲಿ ಕಲರ್ ಪ್ರಿಂಟ್ ತೆಗೆದುಕೊಂಡು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಎದುರು ಕುಳಿತೆ.

ಅವರು ಮೊದಲು ಕೇಳಿದ್ದು, "ಭೂಗೋಳ ಅಂದ್ರೆ ನದಿ, ಪರ್ವತ, ರಾಜಧಾನಿ ಅಲ್ವಾ? ಪಂಚಾಯತಿನಲ್ಲಿ ನಿಮಗೆ ಎಂತ ಕೆಲಸ?" ನಾನು ಉತ್ತರ ಹೇಳದೆ ಹಾಳೆ ಬಿಡಿಸಿದೆ. ಅರ್ಧ ನಿಮಿಷ ನೋಡಿದವರು ಪೆನ್ನು ತೆಗೆದು ಒಂದು ತೋಡಿನ ಮೇಲೆ ಅಡ್ಡ ಗೆರೆ ಎಳೆದರು. "ಇದು ಈಗ ಹೀಗೆ ಹೋಗುವುದಿಲ್ಲ. ಇಲ್ಲಿ ರಸ್ತೆ ಆದಾಗ ತಿರುಗಿಸಿದ್ದಾರೆ." ಮತ್ತೆ ಇನ್ನೊಂದು ಕಡೆ ಸುತ್ತು ಹಾಕಿದರು. "ಈ ಬದಿಗೆ ಪ್ರತಿವರ್ಷ ಟ್ಯಾಂಕರ್ ಬೇಕಾಗ್ತದೆ. ಯಾವ ಮನೆಗೆ ಯಾವಾಗಿನಿಂದ ಅಂತ ಪ್ರತಿಸಲ ಜಗಳ." ಹಿಂದಿನ ಮಳೆಗಾಲ ಸರಿಯಾಗಿ ಸುರಿದಿರಲಿಲ್ಲ, ಆ ಬೇಸಿಗೆಯ ಚಿಂತೆ ಅವರಿಗೆ ಆಗಲೇ ಶುರುವಾಗಿತ್ತು. ಯಾವ ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ ಎಂಬ ನಕ್ಷೆ ಮಾಡಿಕೊಡುತ್ತೇನೆ, ಅದಕ್ಕೆ 90 ಗಂಟೆ ಬೇಕು, ದುಡ್ಡು ಬೇಡ, ಸಹಿ ಮತ್ತು ನೀರು ಬಿಡುವವರ ಸಹಾಯ ಬೇಕು ಎಂದೆ. "ಅರ್ಜಿ ಕೊಡಿ. ಸಾಮಾನ್ಯ ಸಭೆಯಲ್ಲಿ ಇಡ್ತೇನೆ" ಎಂದರು.

ಮುಂದಿನ ತಿಂಗಳೆಲ್ಲ ಕಾಗದದ ಕೆಲಸ. ಇದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಾಲೇಜಿಗೆ ಬೇಕಾದದ್ದು ಪಂಚಾಯತಿನ ಒಪ್ಪಿಗೆ ಪತ್ರ, ಪಂಚಾಯತಿಗೆ ಬೇಕಾದದ್ದು ಕಾಲೇಜಿನ ಕೋರಿಕೆ ಪತ್ರ. ಎರಡರಲ್ಲೂ ಕೆಲಸದ ಹೆಸರು, ದಿನಾಂಕ, ಗಂಟೆ ಒಂದೇ ರೀತಿ ಇರಬೇಕು. ನನ್ನದರಲ್ಲಿ ಒಂದು ಕಡೆ 'ಜಲ ಸಮೀಕ್ಷೆ', ಇನ್ನೊಂದು ಕಡೆ 'ಬಾವಿ ನಕ್ಷೆ' ಎಂದಿತ್ತು, ಅದಕ್ಕೆ ಮಂಗಳೂರಿನಿಂದ ಉಡುಪಿಗೆ ಇನ್ನೊಂದು ಸಲ ಹೋಗಿ ಬರಬೇಕಾಯಿತು. ಅರ್ಜಿಗೆ ಒಳಬರುವ ಪತ್ರದ ನಂಬ್ರ ಹಾಕಿಸಿಕೊಂಡೇ ಎದ್ದೆ. ಮಂಗಳೂರಿನ ಆ ಕಚೇರಿಯಲ್ಲಿ ಸೀಲು ಮಾತ್ರ ಹಾಕಿಸಿ ನಂಬ್ರ ಕೇಳದೆ ಬಂದಿದ್ದೆನಲ್ಲ, ಅದು ನೆನಪಿತ್ತು. ಮಾರ್ಚ್ ಮೊದಲ ವಾರದ ಸಭೆಯಲ್ಲಿ ನಿರ್ಣಯವಾಯಿತು. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂತು. ಅರ್ಜಿ ಹತ್ತು ದಿನ ತಡವಾಗಿದ್ದರೆ ಏನಾಗುತ್ತಿತ್ತೋ.

ಗಂಟೆಯ ಲೆಕ್ಕ ಅದಕ್ಕಿಂತ ಕಷ್ಟದ್ದು. ಕಾಲೇಜಿನ ಲಾಗ್‌ಬುಕ್ಕಿನಲ್ಲಿ ಇದ್ದದ್ದು ಕಚೇರಿಗೆ ಬಂದ ಸಮಯ, ಹೋದ ಸಮಯ ಎಂಬ ಎರಡೇ ಕಲಂ. ನನ್ನ ಕೆಲಸಕ್ಕೆ ಕಚೇರಿಯೇ ಇಲ್ಲ. ಉಬ್ಬರ ಇಳಿತ ಹತ್ತರಿಂದ ಐದರ ವೇಳೆ ನೋಡಿ ಬರುವುದಿಲ್ಲ, ಕೆಲವು ದಿನ ಬೆಳಕು ಹರಿಯುವಾಗಲೇ ತೋಡಿನ ಬದಿಯಲ್ಲಿರಬೇಕು. ಬಸ್ಸಿನ ಸಮಯ ಲೆಕ್ಕಕ್ಕೆ ಬರುತ್ತದೆಯೇ? ಮನೆಯಲ್ಲಿ ಲ್ಯಾಪ್‌ಟಾಪ್ ಎದುರು ಕುಳಿತು ನಕ್ಷೆ ಮಾಡಿದ್ದು? ಕಾಲೇಜಿನ ಇಂಟರ್ನ್‌ಶಿಪ್ ಸಂಯೋಜಕರ ಬಳಿ ಮೊದಲೇ ಕೇಳಿ ಬರೆಸಿಕೊಂಡೆ. ಪ್ರಯಾಣ ಲೆಕ್ಕಕ್ಕಿಲ್ಲ. ನಕ್ಷೆಯ ಕೆಲಸ ಲೆಕ್ಕಕ್ಕುಂಟು, ಆದರೆ ಆ ದಿನ ಮುಗಿದ ಹಾಳೆ ತೋರಿಸಿ ಸಹಿ ಪಡೆಯಬೇಕು. ಆಮೇಲೆ ಒಂದು ಪುಟದ ಯೋಜನೆ ಮಾಡಿದೆವು: ಮೂಲ ನಕ್ಷೆಗೆ 12 ಗಂಟೆ, ಊರಿನಲ್ಲಿ ಓಡಾಟಕ್ಕೆ 48, ಕಂಪ್ಯೂಟರಿನಲ್ಲಿ 20, ವರದಿಗೆ 10. ಅದಕ್ಕೆ ಮೇಡಂ, ಪಿಡಿಓ ಇಬ್ಬರೂ ಸಹಿ ಹಾಕಿದರು. ಏಪ್ರಿಲ್‌ನಲ್ಲಿ ಪಿಡಿಓ ಚುನಾವಣಾ ಕರ್ತವ್ಯಕ್ಕೆ ಹೋದಾಗ ಹಾಜರಿಗೆ ಸಹಿ ಹಾಕುವವರು ಯಾರೆಂಬ ಪ್ರಶ್ನೆ ಬಂತು. ಲೆಕ್ಕ ಸಹಾಯಕಿ ಅಕ್ಕನಿಗೆ ಆ ಅಧಿಕಾರ ಕೊಟ್ಟು ಪಿಡಿಓ ಬರೆದಿಟ್ಟ ಎರಡು ಸಾಲಿನ ಪತ್ರ ಇಲ್ಲದಿದ್ದರೆ ನನ್ನ ಸುಮಾರು ಮೂವತ್ತು ಗಂಟೆ ನೀರಿಗೆ ಹೋಗುತ್ತಿತ್ತು.

ಕೆಮಿಸ್ಟ್ರಿ ಲ್ಯಾಬಿನಿಂದ ನೀರಿನ ವಿದ್ಯುತ್ ವಾಹಕತೆ ಅಳೆಯುವ ಮೀಟರ್ ಸಿಕ್ಕಿತು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅಂಕಿ ಏರುತ್ತದೆ. ಪ್ರತಿದಿನ ಹೊರಡುವ ಮೊದಲು ಅದನ್ನು 1413 ಮೈಕ್ರೊಸೀಮೆನ್ಸ್ ಎಂದು ಗುರುತಿಸಿದ ಪುಟ್ಟ ಬಾಟಲಿಯ ದ್ರಾವಣದಲ್ಲಿ ಅದ್ದಿ ಸರಿಮಾಡಬೇಕು, ಪ್ರತಿ ಬಾವಿಯ ನಂತರ ಶುದ್ಧ ನೀರಿನಲ್ಲಿ ತೊಳೆಯಬೇಕು. ದೊಡ್ಡಮ್ಮನ ಬಾವಿ ಮಾರ್ಚಿನಲ್ಲೇ 2100 ತೋರಿಸಿತು. ಆಚೆ ಮನೆಯ ರಾಟೆ ಬಾವಿ 430. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣಾಂಶಕ್ಕೆ ಲೀಟರಿಗೆ 500 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೆ ಒಪ್ಪುತ್ತಾರೆ. ಮೀಟರಿನ ಅಂಕಿಯನ್ನು 0.65ರಿಂದ ಗುಣಿಸಿದರೆ ಲವಣಾಂಶದ ಅಂದಾಜು ಸಿಗುತ್ತದೆ.

ಊರು ಸುತ್ತಿಸಿದ್ದು ಪಂಚಾಯತಿನ ನೀರು ಬಿಡುವ ಅಣ್ಣ. ಇಪ್ಪತ್ತು ವರ್ಷದಿಂದ ವಾಲ್ವ್ ತಿರುಗಿಸುತ್ತಿರುವವರು. ಮೊದಲ ದಿನ ಅವರಿಗೆ ನನ್ನ ಎ3 ಹಾಳೆ ಓದಲು ಆಗಲಿಲ್ಲ. ಮೇಲೆ ಉತ್ತರ ಎಂದು ನಾನು ತೋರಿಸುತ್ತಿದ್ದೆ, ಅವರಿಗೆ ದಿಕ್ಕು ಎಂದರೆ ಹೊಳೆಬದಿ, ಗುಡ್ಡೆಬದಿ. ಅಡಿಕೆ ಹಾಳೆಯ ಒಂದು ಸಿಗುರು ತೆಗೆದು ಹೊಯಿಗೆಯ (ಮರಳಿನ) ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಅವರು ಗೆರೆ ಎಳೆದರು. ಇದು ಹೊಳೆ, ಇದು ತೋಡು, ಇದು ಬೈಲು, ಇಲ್ಲಿಂದ ಮಜಲು, ಮೇಲೆ ಬೆಟ್ಟು. ಬೈಲು ಎಂದರೆ ಸದಾ ತೇವವಿರುವ ತಗ್ಗಿನ ಗದ್ದೆ, ಮಜಲು ನಡುವಿನದ್ದು, ಬೆಟ್ಟು ಮಳೆಯನ್ನೇ ನಂಬಿದ ಎತ್ತರದ್ದು. ಎಲ್ಲಿ ಬೈಲು ಮುಗಿದು ಮಜಲು ಶುರುವಾಗುತ್ತದೋ ಅಲ್ಲಿಂದ ಮೇಲಿನ ಬಾವಿಗಳಲ್ಲಿ ಉಪ್ಪು ಕಾಣುವುದು ಅಪರೂಪ ಎಂದರು. ಮೇಲೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿ, ಅಡಿಯಲ್ಲಿ ಶೇಡಿ ಎಂಬ ಜೇಡಿಮಣ್ಣು. ಕೆಳಗೆ ಬರೀ ಹೊಯಿಗೆ, ಹೊಳೆಯ ನೀರು ಹೊಯಿಗೆಯಲ್ಲಿ ನಡೆದು ಬರುತ್ತದೆ. ನಾನು ಹಾಳೆಯನ್ನು ತಿರುಗಿಸಿ ಅವರ ಗೆರೆಯ ದಿಕ್ಕಿಗೆ ಇಟ್ಟೆ. ಆಮೇಲೆ ಇಡೀ ಕೆಲಸದಲ್ಲಿ ಹೊಳೆಯನ್ನು ಕೆಳಗಿಟ್ಟೇ ಹಾಳೆ ಹಿಡಿದದ್ದು.

64 ಬಾವಿ ನೋಡಿದೆವು. ಯುಗಾದಿಯ ಹಿಂದಿನ ದಿನ, ಏಪ್ರಿಲ್ 8ರ ಅಮಾವಾಸ್ಯೆ ಮತ್ತು 23ರ ಹುಣ್ಣಿಮೆಯ ಆಸುಪಾಸಿಗೆ ದೊಡ್ಡ ಉಬ್ಬರ ಇರುತ್ತದೆಂದು ಆ ದಿನಗಳಿಗೆ ತೋಡಿನ ಹತ್ತಿರದ ಬಾವಿಗಳನ್ನು ಮತ್ತೆ ಅಳೆದೆ. ದೊಡ್ಡಮ್ಮನ ಬಾವಿ ಏಪ್ರಿಲ್ ಕೊನೆಗೆ 3600 ಮುಟ್ಟಿತು. ಒಂದು ಕಿಂಡಿ ಅಣೆಕಟ್ಟಿನಲ್ಲಿ ಹಲಗೆಗಳ ನಡುವೆ ಮಣ್ಣು ಕೂತಿರಲಿಲ್ಲ, ಸಂದಿಯಲ್ಲಿ ಉಬ್ಬರದ ನೀರು ಸಣ್ಣಗೆ ಸದ್ದು ಮಾಡುತ್ತ ಒಳಗೆ ಹೋಗುತ್ತಿತ್ತು. ಅದರ ಮೇಲ್ಗಡೆಯ ಆರು ಬಾವಿಗಳೂ ಕೆಟ್ಟಿದ್ದವು. ಇಡೀ ನಕ್ಷೆಯಲ್ಲಿ ಪಂಚಾಯತಿಗೆ ತಕ್ಷಣ ಉಪಯೋಗವಾದದ್ದು ಈ ಒಂದು ಚುಕ್ಕೆ.

ನನ್ನ ಕೈಯಿಂದಲೂ ಒಂದು ದೊಡ್ಡ ತಪ್ಪಾಯಿತು. ಫೋನಿನ ಜಿಪಿಎಸ್ ಕೊಟ್ಟ ಬಿಂದುಗಳನ್ನು ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು ಬಾವಿಯಿಂದ ತೋಡಿಗೆ ದೂರ ತೆಗೆದೆ. ಮೀಟರಿನ ಬದಲು ಡಿಗ್ರಿಯ ಅಂಕಿ ಬಂತು, ಎಲ್ಲ ಸೊನ್ನೆ ಬಿಂದು ಸೊನ್ನೆ ಸೊನ್ನೆ. ಆ ಅಂಕಿ ಇಟ್ಟುಕೊಂಡೇ ಎರಡು ದಿನ ಕೋಷ್ಟಕ ಮಾಡಿದ್ದೆ. ನಮ್ಮ ಕರಾವಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ನಕ್ಷಾ ಪದ್ಧತಿಯ 43 ಉತ್ತರ ವಲಯದಲ್ಲಿದೆ, ಅದಕ್ಕೆ ಬದಲಿಸಿ ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಆ ಹತ್ತು ಗಂಟೆಯನ್ನು ಲಾಗ್‌ಬುಕ್ಕಿಗೆ ಸೇರಿಸಲಿಲ್ಲ.

ಆದರೆ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಒಬ್ಬ ಅಜ್ಜನ ಮಾತು. ಅವರು ಬಾವಿಯ ಹತ್ತಿರ ಬಿಡಲೇ ಇಲ್ಲ. "ನೀನು ಕಾಗದದಲ್ಲಿ ನನ್ನ ಜಾಗದ ಮೇಲೆ ಉಪ್ಪು ನೀರು ಅಂತ ಬರೆಯುತ್ತಿ. ನಾಳೆ ಮೊಮ್ಮಗಳ ಮದುವೆಗೆ ನಾಲ್ಕು ಸೆಂಟ್ಸ್ ಮಾರಲಿಕ್ಕೆ ಹೋದರೆ ಯಾರು ತಗೊಳ್ತಾರೆ?" ನನ್ನ ಬಳಿ ಉತ್ತರ ಇರಲಿಲ್ಲ. ಪಾಠದಲ್ಲಿ ನಕ್ಷೆಗೆ ಅಳತೆ, ದಿಕ್ಕು, ಸೂಚಿ ಬೇಕೆಂದು ಓದಿದ್ದೆವು, ನಕ್ಷೆಯಿಂದ ಒಬ್ಬರ ಜಾಗದ ಬೆಲೆ ಇಳಿಯಬಹುದೆಂದು ಯಾರೂ ಹೇಳಿರಲಿಲ್ಲ. ಎರಡು ದಿನ ಬಿಟ್ಟು ಮೇಡಂ ಜೊತೆ ಮಾತಾಡಿ ಮತ್ತೆ ಹೋದೆ. "ಅಜ್ಜ, ಎರಡು ನಕ್ಷೆ ಮಾಡ್ತೇನೆ. ಬಾವಿಗೆ ಬಾವಿ ಇರುವುದು ಟ್ಯಾಂಕರಿಗೆ ಬೇಕಾಗಿ ಪಂಚಾಯತಿನ ಫೈಲಿನಲ್ಲಿ ಮಾತ್ರ. ಕಾಲೇಜಿನ ವರದಿಯಲ್ಲಿ ಹೆಸರೂ ಇಲ್ಲ, ಸರ್ವೆ ನಂಬ್ರವೂ ಇಲ್ಲ, ಬೈಲು ಮಜಲು ಬೆಟ್ಟು ಅಂತ ಬಣ್ಣ ಮಾತ್ರ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಾವೇ ಕೊಡಪಾನ ಇಳಿಸಿ ನೀರು ಸೇದಿ ಕೊಟ್ಟರು. 2800.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದೇ ತಕರಾರಾಯಿತು. ಬಾವಿವಾರು ಮಾಹಿತಿಯನ್ನು ಅನುಬಂಧವಾಗಿ ಯಾಕೆ ಕೊಟ್ಟಿಲ್ಲ, ಇಲ್ಲದಿದ್ದರೆ ಕೆಲಸ ಮಾಡಿದ್ದೀರೆಂದು ನಂಬುವುದು ಹೇಗೆ ಎಂದು ಪರೀಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮಾತು ಕೊಟ್ಟಿದ್ದೇನೆ ಎಂದೆ, ಕೈಬರಹದ ಫೀಲ್ಡ್ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಅಲ್ಲೇ ನೋಡಿ ವಾಪಸ್ ಕೊಡಿ ಎಂದೆ. ಮೇಡಂ ನನ್ನ ಪರ ನಿಂತರು. ಪುಸ್ತಕ ತಿರುವಿ ನೋಡಿದ ಮೇಲೆ ಅವರೂ ಒಪ್ಪಿದರು.

ವಿನಂತಿ ಪತ್ರ, ಒಂದು ಪುಟದ ಯೋಜನೆ, ಸಹಿಯ ಅಧಿಕಾರ ಪತ್ರ, ಈ ಮೂರರ ಪ್ರತಿಯನ್ನು ವಿಭಾಗದ ಕಪಾಟಿನಲ್ಲಿ ನೀಲಿ ಫೈಲಿನಲ್ಲಿ ಇಟ್ಟಿದ್ದೇನೆ. ಬೇಕಾದವರು ನೋಡಬಹುದು. ಡಿಸೆಂಬರಿನಲ್ಲೇ ಶುರುಮಾಡಿ. ಸರ್ಟಿಫಿಕೇಟ್ ಮಾರುವವರ ಹತ್ತಿರ ಹೋಗಬೇಡಿ, ನಿಮ್ಮ ಊರಿನ ಪಂಚಾಯತಿಗೆ ಹೋಗಿ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಜುಲೈಯಲ್ಲಿ ಒಂದು ದಿನ ನೀರು ಬಿಡುವ ಅಣ್ಣನ ಫೋನಿನಿಂದ ಆ ಅಜ್ಜ ಮಾತಾಡಿದರು: "ಮಗಾ, ಉಪ್ಪು ಇರುವಾಗ ಬರೆದುಕೊಂಡಿ. ಈಗ ನೀರು ಸಿಹಿ ಆಗಿದೆ, ಇದನ್ನೂ ಬರೆ." ಲ್ಯಾಬಿನಿಂದ ಮೀಟರನ್ನು ಇನ್ನೊಮ್ಮೆ ಕೇಳಿ ತಂದು ಹೋದೆ. ಬಾವಿ ಕಟ್ಟೆಯಿಂದ ನಾಲ್ಕು ಅಡಿ ಕೆಳಗೆ ನೀರು, ಮೇಲೆ ತೆಂಗಿನ ಹೂವು ತೇಲುತ್ತಿತ್ತು. ಅವರು ಕೊಡೆ ಹಿಡಿದು ನಿಂತರು, ನಾನು ಮೀಟರ್ ಅದ್ದಿದೆ. 310. ಪುಸ್ತಕದಲ್ಲಿ 2800ರ ಪಕ್ಕಕ್ಕೆ ಬರೆದು, ತಾರೀಕು ಹಾಕಿ, ಅವರಿಗೆ ತೋರಿಸಿದೆ.